ತೋಟ ಇಲ್ಲಿಯದು, ಮನೆ ಅಲ್ಲಿಯದು, ಹೆಸರು ಯಾರದು?

ಕಳೆದ ಮಳೆಗಾಲದಲ್ಲಿ ಶಿರಸಿಯ ಬ್ಯಾಂಕೊಂದರಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಸಿದ್ದಾಪುರ ಕಡೆಯ ಹಿರಿಯರೊಬ್ಬರು ಹೆಂಡತಿಯೊಡನೆ ಕೂತಿದ್ದರು. ಅಡಿಕೆ ವ್ಯಾಪಾರದಿಂದಾಗಿ ನನಗೆ ಅವರದು ಇಪ್ಪತ್ತು ವರ್ಷಗಳ ಪರಿಚಯ. ಕೈಯಲ್ಲಿ ಒಂದು ಅರ್ಜಿ ಹಿಡಿದು ಕನ್ನಡಕ ಏರಿಸುತ್ತ ಇಳಿಸುತ್ತ ಇದ್ದವರು ನನ್ನನ್ನು ಕಂಡು ಕರೆದರು.

"ಸಾಹೇಬ್ರೆ, ಸ್ವಲ್ಪ ಇದನ್ನ ನೋಡಿ. ಮಗಂಗೆ ದುಡ್ಡು ಕಳಿಸೂದು. ಎಲ್ಲಿ ಗುರುತು ಹಾಕೂದು?"

"ಯಾತಕ್ಕೆ ಕಳಿಸೂದು ಹೆಗಡೇರೆ?"

"ಅಮೆರಿಕದಲ್ಲಿ ಮನೆ ತಗೊಳ್ತಾ ಇದ್ದಾನೆ. ಕೆಳಗಿನ ತೋಟ ಕೊಟ್ಟಾಯ್ತು."

ಅಷ್ಟರಲ್ಲಿ ಕೌಂಟರಿನ ಹುಡುಗ, "ಗಿಫ್ಟ್ ಅಂತ ಹಾಕಿ ಅಜ್ಜ, ಅದೇ ಸುಲಭ" ಅಂದ. ಆಗ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಆ ತಾಯಿ ಒಂದು ಮಾತು ಕೇಳಿದರು: "ಗಿಫ್ಟ್ ಅಂತ ಹಾಕಿದ್ರೆ ಆ ಮನೆ ನಮ್ದೂ ಆಗ್ತದಾ?"

ಯಾರೂ ಉತ್ತರ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಂದು ಹೇಳದೆ ಉಳಿದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ಒಂದೇ ಪದದ್ದು: ಇಲ್ಲ. ಉಡುಗೊರೆ ಎಂದು ಗುರುತು ಹಾಕಿದ ಕ್ಷಣಕ್ಕೆ ಆ ಹಣದ ಮೇಲೆ ಕೊಟ್ಟವರ ಹಕ್ಕು ಮುಗಿಯಿತು. ಅಷ್ಟೇ ಅಲ್ಲ, ಅಮೆರಿಕದಲ್ಲಿ ಮನೆಸಾಲ ಕೊಡುವ ಬ್ಯಾಂಕುಗಳು ತಂದೆ-ತಾಯಿ ಕೊಟ್ಟ ಮುಂಗಡದ ಹಣಕ್ಕೆ ಒಂದು ಪತ್ರ ಕೇಳುತ್ತವೆ. "ಈ ಹಣವನ್ನು ನಾನು ಮರಳಿ ನಿರೀಕ್ಷಿಸುವುದಿಲ್ಲ" ಎಂಬುದೇ ಅದರ ಸಾರ. ಇಂಗ್ಲಿಷಿನ ಆ ಪತ್ರಕ್ಕೆ ಸಹಿ ಹಾಕುವ ಎಷ್ಟು ಜನ ತಂದೆಯರಿಗೆ ತಾವು ಯಾವುದಕ್ಕೆ ಸಹಿ ಹಾಕಿದೆವು ಎಂಬುದು ಗೊತ್ತು?

ತೆರೆದ ದಾರಿ, ಮುಚ್ಚಿದ ಬಾಯಿ

ವಿದೇಶಕ್ಕೆ ಹಣ ಕಳಿಸುವುದು ಅಪರಾಧವೇನಲ್ಲ. ರಿಸರ್ವ್ ಬ್ಯಾಂಕು 2004ರಲ್ಲಿ ಉದಾರೀಕೃತ ಹಣ ರವಾನೆ ಯೋಜನೆಯನ್ನು ತಂದಾಗ ಒಬ್ಬರು ವರ್ಷಕ್ಕೆ 25,000 ಡಾಲರ್ ಕಳಿಸಬಹುದಿತ್ತು. ಮಿತಿ ಏರುತ್ತ ಹೋಯಿತು. 2013ರ ಆಗಸ್ಟಿನಲ್ಲಿ ರೂಪಾಯಿ ಕುಸಿದಾಗ ರಿಸರ್ವ್ ಬ್ಯಾಂಕು ಗಾಬರಿಬಿದ್ದು ಮಿತಿಯನ್ನು 2,00,000ದಿಂದ 75,000 ಡಾಲರಿಗೆ ಇಳಿಸಿತು. ಹೊರದೇಶದಲ್ಲಿ ಮನೆ-ಜಮೀನು ಕೊಳ್ಳಲು ಈ ದಾರಿಯನ್ನು ಬಳಸಬಾರದೆಂದೂ ಹೇಳಿತು. ಗಾಬರಿ ಇಳಿದ ಮೇಲೆ ಬಾಗಿಲು ಮತ್ತೆ ತೆರೆಯಿತು. 2015ರಿಂದ ಮಿತಿ ತಲೆಗೆ 2,50,000 ಡಾಲರ್, ಅಂದರೆ ಎರಡು ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ. ಗಂಡನಿಗೊಂದು ಲೆಕ್ಕ, ಹೆಂಡತಿಗೊಂದು ಲೆಕ್ಕ.

ಆದರೆ ಅದೇ ಅರ್ಜಿಯಲ್ಲಿ ಉಡುಗೊರೆಯ ಪಕ್ಕದಲ್ಲೇ ಇನ್ನೊಂದು ಬಾಬ್ತು ಇದೆ: ವಿದೇಶದಲ್ಲಿ ಸ್ಥಿರಾಸ್ತಿ ಖರೀದಿ. ಈ ಬಾಬ್ತಿನಲ್ಲಿ ಹಣ ಹೋದರೆ ಕೊಳ್ಳುವವರು ಕಳಿಸಿದವರೇ. ಇಲ್ಲಿ ವಾಸವಿರುವವರು ತಮ್ಮ ಹೆಸರಿನಲ್ಲಿ, ಅಥವಾ ಹೊರದೇಶದಲ್ಲಿರುವ ಹತ್ತಿರದ ಸಂಬಂಧಿಯ ಜೊತೆ ಜಂಟಿಯಾಗಿ ಆಸ್ತಿ ಕೊಳ್ಳಲು 2022ರ ನಿಯಮಗಳು ಅವಕಾಶ ಕೊಟ್ಟಿವೆ. ಮನೆಮಂದಿಯ ಹಣವನ್ನು ಒಟ್ಟುಗೂಡಿಸಿ ಆಸ್ತಿ ಕೊಳ್ಳುವುದಾದರೆ ಹಣ ಹಾಕಿದವರೆಲ್ಲ ಆ ಆಸ್ತಿಯ ಸಹಮಾಲೀಕರಾಗಿರಬೇಕು ಎಂದು ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ಹೇಳಿದೆ. ಅಂದರೆ ತಾಯಿಯ ಹೆಸರು ಪತ್ರದಲ್ಲಿ ಇರಬೇಕೆಂದು ಕೇಳುವುದು ದುರಾಸೆಯಲ್ಲ. ಕಾನೂನೇ ಆ ಮಾತು ಆಡಿದೆ.

ಈ ಬಾಬ್ತು ಎಷ್ಟು ಜನರ ಕಣ್ಣಿಗೆ ಬಿದ್ದಿದೆ? 2023-24ರಲ್ಲಿ ಈ ಯೋಜನೆಯಡಿ ದೇಶದಿಂದ 3,100 ಕೋಟಿ ಡಾಲರಿಗೂ ಹೆಚ್ಚು ಹಣ ಹೊರಹೋಯಿತು. ಅದರಲ್ಲಿ ಆಸ್ತಿ ಖರೀದಿಯ ಲೆಕ್ಕಕ್ಕೆ ಹೋದದ್ದು ನೂರಕ್ಕೆ ಒಂದು ಪಾಲೂ ಅಲ್ಲ. ಉಡುಗೊರೆಯ ಲೆಕ್ಕಕ್ಕೆ ಹೋದದ್ದು ಅದರ ಹತ್ತು ಪಟ್ಟಿಗೂ ಹೆಚ್ಚು. ಆ ಉಡುಗೊರೆಗಳಲ್ಲಿ ಎಷ್ಟು ಮನೆಗಳಾದವೋ ಯಾರೂ ಎಣಿಸಿಲ್ಲ. ಆದರೆ ಉಡುಗೊರೆ ಎಂಬ ಹೆಸರಿನಲ್ಲಿ ಮನೆ ಕೊಳ್ಳುವುದು ಹೇಗೆಂದು ತಿಳಿಯಲು ಅಂಕಿ-ಅಂಶ ಬೇಕಿಲ್ಲ. ಬ್ಯಾಂಕಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತರೆ ಸಾಕು.

ಆರು ತಿಂಗಳ ಅತಿಥಿಗಳು

ಮಕ್ಕಳು ಹೋದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕೊಳೆರೋಗ, ಎಲೆಚುಕ್ಕೆ ರೋಗ, ಕೊನೆ ಕೊಯ್ಯುವವರ ಅಭಾವ, ಮೇಲಿಂದ ಕೆಳಕ್ಕೆ ಜಿಗಿಯುವ ಧಾರಣೆ. ಇವುಗಳ ನಡುವೆ ಎರಡು ಎಕರೆ ತೋಟ ನಂಬಿ ಹುಡುಗನೊಬ್ಬ ಊರಲ್ಲಿ ಉಳಿಯಬೇಕೆಂದು ಉಪದೇಶ ಮಾಡುವ ಹಕ್ಕು ಪೇಟೆಯಲ್ಲಿ ಕೂತ ನನ್ನಂಥವರಿಗಿಲ್ಲ. ಊರಲ್ಲಿ ಉಳಿದ ಹುಡುಗನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಸಮಾಜ, ಹೋದವನನ್ನು ದೂರುವುದು ಆತ್ಮವಂಚನೆ.

ಆದರೆ ಮನೆ ಕಟ್ಟಿದ ಹಣ ಯಾರದೋ ಅವರಿಗೆ ಆ ಮನೆಯಲ್ಲಿ ಯಾವ ಸ್ಥಾನ? ಪ್ರವಾಸಿ ವೀಸಾದಲ್ಲಿ ಹೋದ ತಂದೆ-ತಾಯಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು ಒಮ್ಮೆಗೆ ಆರು ತಿಂಗಳ ವಾಸ. ಎಚ್-1ಬಿ ವೀಸಾದ ಮಗನ ಸ್ಥಿತಿಯಾದರೂ ಏನು? ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಅವನಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಹಸಿರು ಕಾರ್ಡಿನ ಸರದಿಯಲ್ಲಿ ಭಾರತೀಯರು ದಶಕಗಳ ಕಾಲ ನಿಂತಿದ್ದಾರೆ. ಅರವತ್ತು ದಿನದ ನೆಲೆಯ ಮೇಲೆ ಮೂವತ್ತು ವರ್ಷದ ಸಾಲ, ಆ ಸಾಲದ ಬುಡಕ್ಕೆ ಮೂರು ತಲೆಮಾರಿನ ತೋಟ!

ಆ ದೇಶಗಳಾದರೋ ತಮ್ಮ ಮನೆಗಳನ್ನು ತಮ್ಮವರಿಗಾಗಿ ಕಾಯ್ದುಕೊಳ್ಳಲು ಕಲಿಯುತ್ತಿವೆ. ಕೆನಡಾ 2023ರ ಜನವರಿ 1ರಿಂದ ವಿದೇಶಿಯರು ವಾಸದ ಮನೆ ಕೊಳ್ಳುವುದಕ್ಕೆ ನಿಷೇಧ ಹೇರಿ, ಕೆಲವರಿಗಷ್ಟೇ ವಿನಾಯಿತಿ ಕೊಟ್ಟಿತು. ಆಸ್ಟ್ರೇಲಿಯಾ 2025ರ ಏಪ್ರಿಲ್ 1ರಿಂದ ಹಳೆಯ ಮನೆಗಳನ್ನು ವಿದೇಶಿಯರಿಗೆ ಮಾರುವುದಕ್ಕೆ ತಡೆಯೊಡ್ಡಿತು. ತಮ್ಮ ಹುಡುಗರಿಗೆ ಮನೆ ಸಿಗುತ್ತಿಲ್ಲ ಎಂಬುದು ಅವರ ಸಂಕಟ. ನಮ್ಮ ನೆಲದ ಬಗ್ಗೆ ಅಂಥ ಸಂಕಟ ನಮಗೆ ಯಾವಾಗ ಆದೀತು?

ಆ ಹಣ ಯಾರದು?

"ನನ್ನ ತೋಟ, ನಾನು ಮಾರುತ್ತೇನೆ, ನಿನಗೇನು?" ಎಂದು ಕೇಳುವವರಿದ್ದಾರೆ. ಕಾನೂನಿನ ಪ್ರಕಾರ ಸರಿ. ಆದರೆ ತೋಟದ ಬೆಲೆಯಲ್ಲಿ ಯಾರ್‍ಯಾರ ಪಾಲಿದೆ ಎಂದು ಒಮ್ಮೆ ಲೆಕ್ಕ ಹಾಕೋಣ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟ ಬರೀ ತೋಟವಲ್ಲ. ಅದರ ಬೆನ್ನಿಗೆ ಸೊಪ್ಪಿನ ಬೆಟ್ಟ ಇದೆ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯವನ್ನು ಬ್ರಿಟಿಷರ ಕಾಲದಿಂದ ಈ ಭಾಗದ ತೋಟಿಗರು ಅನುಭವಿಸುತ್ತ ಬಂದಿದ್ದಾರೆ. ಬೆಟ್ಟ ಸರ್ಕಾರದ್ದು, ಅಂದರೆ ಎಲ್ಲರದ್ದು. ತೋಟಕ್ಕೆ ಬೆಲೆ ಕಟ್ಟುವಾಗ ಬೆಟ್ಟ ಚೆನ್ನಾಗಿದೆಯೇ ಎಂದು ಕೊಳ್ಳುವವ ನೋಡಿಯೇ ನೋಡುತ್ತಾನೆ. ಇನ್ನು ಎಷ್ಟೋ ತೋಟಗಳು ಇಂದಿನ ಮಾಲೀಕರಿಗೆ ಬಂದದ್ದು 1974ರ ಭೂಸುಧಾರಣೆಯಿಂದ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಜೈಲಿಗೆ ಹೋದದ್ದು, ಕರಾವಳಿಯಲ್ಲಿ ದಿನಕರ ದೇಸಾಯಿಯವರು ರೈತಕೂಟ ಕಟ್ಟಿದ್ದು ಉಳುವವನಿಗೆ ನೆಲ ಸಿಗಲೆಂದು. ಗೇಣಿದಾರನ ಮೊಮ್ಮಗ ಇಂದು ಅದನ್ನು ಮಾರುವಾಗ ಆ ಜೈಲುವಾಸದ ನೆನಪಾದರೂ ಇರಬೇಡವೇ?

ಕೃಷಿ ಆದಾಯಕ್ಕೆ ಈ ದೇಶ ಆದಾಯ ತೆರಿಗೆ ಹಾಕುವುದಿಲ್ಲ. ಹಳ್ಳಿಯ ಕೃಷಿ ಭೂಮಿ ಮಾರಿದ ಲಾಭಕ್ಕೂ ತೆರಿಗೆಯಿಲ್ಲ. ರೈತ ಬದುಕಲಿ ಎಂದು ಸಮಾಜ ಕೊಟ್ಟ ರಿಯಾಯಿತಿ ಅದು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿದ್ದು, ಬೆಳೆಗಾರ ದಲಾಲರ ಕೈಯಿಂದ ಪಾರಾಗಲಿ ಎಂದು. ತೋಟದಲ್ಲಿ ಮಣ್ಣು ಹೊತ್ತವರು, ಕಾಲುವೆ ಬಿಡಿಸಿದವರು, ಅಡಿಕೆ ಸುಲಿದವರು ಯಾರು? ಯಲ್ಲಾಪುರ ಕಡೆ ಸಿದ್ದಿಗಳು ತಲೆಮಾರುಗಳಿಂದ ತೋಟಗಳಲ್ಲಿ ದುಡಿದರು. ಅವರಿಗೆ ಪರಿಶಿಷ್ಟ ಪಂಗಡವೆಂಬ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ತೋಟ ಮಾರಾಟವಾದಾಗ ತೋಟದ ಮೂಲೆಯ ಬಿಡಾರದಲ್ಲಿದ್ದವನಿಗೆ ಒಂದು ಗುಂಟೆ ಬರೆದುಕೊಟ್ಟು ಹೋದವರು ಎಷ್ಟು ಮಂದಿ?

ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹೆಣ್ಣುಮಕ್ಕಳ ಪಾಲೆಲ್ಲಿ? ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿ ಮಾಡಿತು. ತೋಟವನ್ನೇ ಡಾಲರಾಗಿ ಕರಗಿಸಿ ಮಗನ ಖಾತೆಗೆ ಕಳಿಸಿಬಿಟ್ಟರೆ ಪಾಲು ಕೇಳಲು ಉಳಿಯುವುದೇನು? ನಮ್ಮ ಮನೆಗಳೇನೂ ಇದಕ್ಕೆ ಹೊರತಲ್ಲ. ಹೆಣ್ಣಿಗೆ ಆಸ್ತಿಯ ಹಕ್ಕನ್ನು ನಮ್ಮ ಧರ್ಮ ಹದಿನಾಲ್ಕು ಶತಮಾನಗಳ ಹಿಂದೆಯೇ ಕೊಟ್ಟಿತೆಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮಗ ದುಬೈಯಲ್ಲಿ ಫ್ಲ್ಯಾಟು ಹಿಡಿಯುತ್ತಾನೆಂದರೆ ಪೇಟೆಯ ಅಂಗಡಿ ಮಾರಿ ಕಳಿಸುತ್ತೇವೆ. ವಾರಸು ಹಂಚುವ ಹೊತ್ತಿಗೆ ಹಂಚಲು ಏನೂ ಇಲ್ಲದಂತೆ ಮಾಡುವುದು ಹಕ್ಕನ್ನು ಕೊಡುವ ರೀತಿಯೇ?

ಕೊಲ್ಲಿಯ ಹಣಕ್ಕೊಂದು ಕಣ್ಣು, ಡಾಲರಿಗೊಂದು ಕಣ್ಣು

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಶಿರಸಿಯಲ್ಲೋ ಯಲ್ಲಾಪುರದಲ್ಲೋ ಮುಸ್ಲಿಮನೊಬ್ಬ ಎರಡು ಮಹಡಿಯ ಮನೆ ಕಟ್ಟಿದರೆ ಚಹದಂಗಡಿಯಲ್ಲಿ ಪ್ರಶ್ನೆ ಏಳುತ್ತದೆ: "ದುಡ್ಡು ಎಲ್ಲಿಂದ ಬಂತು?" ಒಳಗೆ ಬರುವ ಹಣ ಸಂಶಯದ ಹಣವಾಗುತ್ತದೆ. ಊರಿನ ತೋಟ ಹೊರದೇಶದ ಮನೆಯಾದಾಗ ಮಾತ್ರ "ದುಡ್ಡು ಎಲ್ಲಿಗೆ ಹೋಯಿತು?" ಎಂದು ಯಾರೂ ಕೇಳುವುದಿಲ್ಲ. ಅದು ಪ್ರತಿಷ್ಠೆಯ ಹಣ, ಮದುವೆಮನೆಯಲ್ಲಿ ಹೇಳಿಕೊಳ್ಳುವ ಹಣ.

ಕೊಲ್ಲಿಗೆ ಹೋದವನು ಹಣವನ್ನು ಊರಿಗೇ ಕಳಿಸಿದ್ದರ ಹಿಂದೆ ದೊಡ್ಡ ದೇಶಭಕ್ತಿಯೇನೂ ಇಲ್ಲ. ಪೌರತ್ವ ಕೊಡದ, ದಶಕಗಟ್ಟಲೆ ನೆಲ ಕೊಳ್ಳಲು ಬಿಡದ ದೇಶಗಳಲ್ಲಿ ಆತ ದುಡಿದ. ಹಿಂದಿರುಗುವುದು ಅವನಿಗೆ ಅನಿವಾರ್ಯವಾಗಿತ್ತು. ದುಬೈ 2002ರಲ್ಲಿ ವಿದೇಶಿಯರಿಗೆ ಬಾಗಿಲು ತೆರೆದು, 2006ರಲ್ಲಿ ಕಾನೂನು ಮಾಡಿದ ಮೇಲೆ ಅಲ್ಲೂ ಮನೆ ಹಿಡಿಯುವ ಆಸೆ ಚಿಗುರಿತು. 2008-09ರಲ್ಲಿ ಅಲ್ಲಿಯ ಬೆಲೆಗಳು ನೆಲ ಕಚ್ಚಿದಾಗ ಕಂತು ಕಟ್ಟಿದವರು ಕೈ ಸುಟ್ಟುಕೊಂಡರು. ಈಗ 20 ಲಕ್ಷ ದಿರ್ಹಮಿನ ಆಸ್ತಿಗೆ ದೀರ್ಘಾವಧಿಯ ವೀಸಾ ಎಂಬ ಹೊಸ ಆಮಿಷ ಬಂದಿದೆ. ಅಂದರೆ ಅಮೆರಿಕದ ಹಾದಿಯಲ್ಲಿ ನಡೆದ ತಪ್ಪನ್ನೇ ಕೊಲ್ಲಿಯ ಹಾದಿಯಲ್ಲೂ ಮಾಡಲು ನಮ್ಮವರು ಸಿದ್ಧರಾಗುತ್ತಿದ್ದಾರೆ. ಅದೂ ಕೆಲವರು ಹುಂಡಿಯ ಮೂಲಕ! ಬ್ಯಾಂಕಿನ ದಾರಿ ಇಷ್ಟು ಅಗಲವಾಗಿ ತೆರೆದಿರುವಾಗ ಕಳ್ಳದಾರಿ ಹಿಡಿದವರಿಗೆ ಸಿಕ್ಕಿಬಿದ್ದ ದಿನ ಹಣದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಜೊತೆಗೆ ಇಡೀ ಸಮುದಾಯದ ಮೇಲೆ ಬೀಳುವ ಸಂಶಯದ ಬೆಲೆಯನ್ನು ಕಟ್ಟುವವರು ಯಾರು?

ಕಾನೂನಿಗೆ ಜಾತಿಯಿಲ್ಲ. ಅನಿವಾಸಿ ಭಾರತೀಯ ಯಾರೇ ಇರಲಿ, ದುಬೈಯವನಿರಲಿ ನ್ಯೂಜೆರ್ಸಿಯವನಿರಲಿ, ಇಲ್ಲಿ ಮನೆ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅದಕ್ಕೇ ಅಣ್ಣನ ಹೆಸರು, ಭಾವನ ಹೆಸರು, ನಂಬಿಕಸ್ಥ ಆಳಿನ ಹೆಸರು ಮುಂದೆ ಬರುತ್ತದೆ. 2016ರಲ್ಲಿ ಬಿಗಿಯಾದ ಬೇನಾಮಿ ಕಾನೂನು ಇಂಥ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಲ್ಲದು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದು 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಬೆಂಗಳೂರಿನ ಹಣಕ್ಕೂ ಘಟ್ಟದ ಬಾಗಿಲು ತೆರೆಯಿತು. ಪ್ರಶ್ನೆ ಕೇಳುವುದಾದರೆ ಎಲ್ಲರನ್ನೂ ಕೇಳಿ. ಹಣದ ಧರ್ಮ ಯಾವುದೆಂದು ಕೇಳಬೇಡಿ. ನೆಲವನ್ನು ಉಳುವವರು ಯಾರೆಂದು ಕೇಳಿ.

ಒಬ್ಬರಿಗೆ ಹೆದ್ದಾರಿ, ಒಬ್ಬರಿಗೆ ಬೇಲಿ

ತಂದೆ-ತಾಯಿ ತೀರಿಕೊಂಡ ಮೇಲೆ ತೋಟ ವಾರಸಾಗಿ ಮಗನಿಗೆ ಬರುತ್ತದೆ. ಅನಿವಾಸಿಯಾದರೂ ವಾರಸಿಗೆ ಅಡ್ಡಿಯಿಲ್ಲ. ಮಾರಿ ಬಂದ ಹಣವನ್ನು ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ ಹೊರಗೆ ಒಯ್ಯಬಹುದು. ಕಾಗದ-ಪತ್ರ ಸರಿ ಇದ್ದರೆ ಆಯಿತು.

ಅದೇ ಊರಿನ ಕಾಡಂಚಿನಲ್ಲಿ ಇನ್ನೊಬ್ಬನಿದ್ದಾನೆ. ಅಜ್ಜನ ಕಾಲದಿಂದ ಉಳುತ್ತ ಬಂದ ಒಂದೆಕರೆಗೆ ಅವನ ಬಳಿ ಕಾಗದವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ, ಪರಿಶಿಷ್ಟ ಪಂಗಡದವನಲ್ಲದಿದ್ದರೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ದಾಖಲೆ ತೋರಿಸು ಎನ್ನುತ್ತಾರೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ತಿರಸ್ಕೃತ ಅರ್ಜಿದಾರರನ್ನು ಎಬ್ಬಿಸಲು ಹೇಳಿದಾಗ ಈ ಜಿಲ್ಲೆಯ ಸಾವಿರಾರು ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಫೆಬ್ರವರಿ 28ಕ್ಕೆ ಆ ಆದೇಶಕ್ಕೆ ತಡೆ ಬಂತು ಎಂಬುದೊಂದೇ ಸಮಾಧಾನ. ನೆಲ ಬಿಟ್ಟು ಹೋಗುವವನಿಗೆ ಇಷ್ಟು ಸಲೀಸಾದ ದಾರಿ ಮಾಡಿಕೊಟ್ಟ ನಾಡು, ನೆಲ ಬಿಡೆನೆಂದವನನ್ನು ಅತಿಕ್ರಮಣದಾರ ಎನ್ನುತ್ತದೆ!

ಏನು ಮಾಡಬೇಕು?

ಬೈದು ಕೈತೊಳೆದುಕೊಳ್ಳುವುದು ಸುಲಭ. ಹಿರಿಯರಿಗೆ ನೆರವಾಗುವ ನಾಲ್ಕು ಮಾತು ಹೇಳದೆ ಈ ಬರಹ ಮುಗಿಸಲಾರೆ.

ಮೊದಲನೆಯದು, ಅರ್ಜಿಗೆ ಸಹಿ ಹಾಕುವ ಮುನ್ನ ಯಾವ ಬಾಬ್ತಿಗೆ ಗುರುತು ಬಿದ್ದಿದೆ ಎಂದು ನೋಡಿ. ಆಸ್ತಿಯಲ್ಲಿ ಹೆಸರು ಬೇಕಿದ್ದರೆ ಆಸ್ತಿ ಖರೀದಿ ಎಂದೇ ಕಳಿಸಿ, ಹೆಸರು ಹಾಕಿಸಿ. ಹೆಸರಿದ್ದರೆ ಹೊಣೆಯೂ ಇದೆ: ವಿದೇಶದ ಆಸ್ತಿಯನ್ನು ಪ್ರತಿ ವರ್ಷ ಆದಾಯ ತೆರಿಗೆ ವಿವರದಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಅಲ್ಲಿಯ ಸಾಲದ ಬ್ಯಾಂಕು ನಿಮ್ಮ ಹೆಸರನ್ನು ಒಪ್ಪುವುದಿಲ್ಲವೆಂದು ಮಗ ಹೇಳಿದರೆ, ನಿಜವೇ ಇರಬಹುದು. ಹಾಗಾದರೆ ಉಳಿತಾಯದಿಂದ ಕೈಲಾದಷ್ಟು ಕೊಡಿ. ನೀವು ನಿಂತ ನೆಲ ಮಾರಿ ಕೊಡಬೇಡಿ.

ಎರಡನೆಯದು, ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಮೂಲದಲ್ಲೇ ಶೇ. 20 ತೆರಿಗೆ ವಸೂಲು ಮಾಡುತ್ತದೆ. ಒಬ್ಬರು 60 ಲಕ್ಷ ಕಳಿಸಿದರೆ ಮೇಲಿನ 50 ಲಕ್ಷಕ್ಕೆ 10 ಲಕ್ಷ ರೂಪಾಯಿ. ಇದು ಕಳೆದುಹೋದ ಹಣವಲ್ಲ. ಕೃಷಿ ಆದಾಯ ಮಾತ್ರ ಇರುವವರು ವಿವರ ಸಲ್ಲಿಸಿದರೆ ವಾಪಸು ಬರುತ್ತದೆ. ಎಂದೂ ತೆರಿಗೆ ಕಚೇರಿಯ ಮುಖ ನೋಡದ ಹಿರಿಯರು ಇದನ್ನು ಕೇಳದೆ ಬಿಟ್ಟುಬಿಡಬಾರದು.

ಮೂರನೆಯದು, ಇಲ್ಲಿಯ ಆಸ್ತಿಯನ್ನು ಮಕ್ಕಳಿಗೆ ದಾನಪತ್ರ ಮಾಡುವುದಿದ್ದರೆ, ಕೊನೆಯವರೆಗೂ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ, ಷರತ್ತು ಮುರಿದರೆ ಆ ದಾನವನ್ನು ಅಸಿಂಧುಗೊಳಿಸಿರೆಂದು ಶಿರಸಿಯ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಅವರ ಕೈ ಬನವಾಸಿಯ ತೋಟದವರೆಗೆ ಚಾಚುತ್ತದೆ, ಕ್ಯಾಲಿಫೋರ್ನಿಯಾದ ಮನೆಯವರೆಗೆ ಚಾಚುವುದಿಲ್ಲ. ನೆಲ ಇಲ್ಲಿರುವವರೆಗೆ ಮಾತ್ರ ನಿಮ್ಮ ಮಾತಿಗೆ ಬೆಲೆ.

ನಾಲ್ಕನೆಯದು, ಮಾರಲೇಬೇಕಾಗಿ ಬಂದರೆ ಊರಲ್ಲಿ ಉಳಿದು ಬೇಸಾಯ ಮಾಡುವವನನ್ನು ಮೊದಲು ಕೇಳಿ. ಅವನಿಗೆ ಒಮ್ಮೆಲೇ ಹಣ ಹೊಂದಿಸಲಾಗದು ಎಂಬುದು ಗೊತ್ತಿದೆ. ತೋಟಿಗರೇ ಕಟ್ಟಿದ ಸೊಸೈಟಿಗಳು ಮಗನ ಪರದೇಶದ ಓದಿಗೆ ಸಾಲ ಕೊಡುವಷ್ಟೇ ಉತ್ಸಾಹದಿಂದ ಇಲ್ಲಿ ತೋಟ ಕೊಳ್ಳುವ ಹುಡುಗನಿಗೆ ದೀರ್ಘಾವಧಿಯ ಸಾಲ ಕೊಡಲಿ. ಶತಮಾನ ದಾಟಿದ ಸಹಕಾರಿ ಚಳವಳಿ ಇಷ್ಟನ್ನೂ ಮಾಡಲಾರದಾದರೆ ಶತಮಾನೋತ್ಸವದ ಶಾಮಿಯಾನ ಯಾತಕ್ಕೆ? ಬಿಡಾರದಲ್ಲಿರುವವನ ಅಡಿಜಾಗವನ್ನು ಅವನ ಹೆಸರಿಗೆ ಮಾಡಿಕೊಟ್ಟು, ಮಗಳ ಪಾಲನ್ನು ಮಗಳ ಕೈಗೆ ಕೊಟ್ಟು, ಉಳಿದದ್ದನ್ನು ಎಲ್ಲಿಗೆ ಬೇಕಾದರೂ ಕಳಿಸಿ. ಆಗ ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ.

ಮಕ್ಕಳ ಮೇಲೆ ಅಪನಂಬಿಕೆ ಬಿತ್ತುತ್ತಿದ್ದೇನೆ ಎಂಬ ಆಕ್ಷೇಪ ಬರಬಹುದು. ಒಳ್ಳೆಯ ಮಗನಿಗೆ ತಾಯಿಯ ಹೆಸರು ಪತ್ರದಲ್ಲಿ ಇದ್ದರೆ ಭಾರವೇ? ತಾಯಿಯ ಹೆಸರು ಬೇಡವೆನ್ನುವ ಮಗನ ಬಗ್ಗೆ ಅಪನಂಬಿಕೆ ಬಿತ್ತಲು ನಾನು ಬೇಕಾಗಿಲ್ಲ.

ಅಂದು ಬ್ಯಾಂಕಿನಲ್ಲಿ ಹೆಗಡೆಯವರು ಉಡುಗೊರೆಯ ಎದುರಿಗೇ ಗುರುತು ಹಾಕಿದರು. ಆ ತಾಯಿ ಮತ್ತೆ ಕೇಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಸ್ಸು ತಪ್ಪುತ್ತದೆ ಎಂದು ಗಂಡನನ್ನು ಎಬ್ಬಿಸಿದರು. ಕೆಳಗಿನ ತೋಟ ಹೋಯಿತು. ಮೇಲಿನದು ಇನ್ನೂ ಇದೆ. ಮುಂದಿನ ಸಲ ಅವರು ಆ ಪ್ರಶ್ನೆ ಕೇಳಿದಾಗ ಪಕ್ಕದಲ್ಲಿ ನಿಂತ ಯಾರಾದರೂ ಒಬ್ಬರು ಉತ್ತರ ಹೇಳಲಿ.